ಮನಸ್ಸು ಹಾಕುವ ಲೆಕ್ಕ

ನಮ್ಮ ಕೊಡ್ಲಿಪೇಟೆಯ ಎಷ್ಟೋ ಮನೆಗಳ ಮಕ್ಕಳು ಓದಿಗೆಂದು ಮೈಸೂರು, ಮಂಗಳೂರು, ಬೆಂಗಳೂರು ಸೇರಿದ್ದಾರೆ. ನನ್ನ ಮೊಮ್ಮಗಳೂ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕಳೆದ ಪರೀಕ್ಷೆಗೆ ಮುಂಚೆ ಫೋನಿನಲ್ಲಿ, “ತಾತ, ಪುಸ್ತಕ ತೆರೆದರೆ ಎದೆ ಡವಡವ ಅನ್ನುತ್ತೆ, ಮುಚ್ಚಿದರೆ ನಿದ್ದೆ ಬರಲ್ಲ” ಎಂದಳು.

“ಈಗಿನವರಿಗೆ ತಾಳ್ಮೆಯಿಲ್ಲ ಬಿಡಿ. ನಾವೇನು ಕಷ್ಟಪಡಲಿಲ್ಲವೇ?” ಎಂದರು ನೆರೆಯವರೊಬ್ಬರು. ಪಟ್ಟಿದ್ದೇವೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ಅರ್ಧವಾರ್ಷಿಕ ಲೆಕ್ಕ ಮುಗಿಸುವಾಗ ಬಡ್ಡಿಯನ್ನೆಲ್ಲ ಕೈಯಲ್ಲೇ ಹಾಕಬೇಕು. ಹತ್ತು ಪೈಸೆ ತಾಳೆಯಾಗದಿದ್ದರೂ ನಡುರಾತ್ರಿಯವರೆಗೆ ಲೆಡ್ಜರ್ ತಿರುವಬೇಕು. ಆದರೂ ಮನೆಗೆ ಬಂದು ಮಲಗಿದರೆ ಗಾಢ ನಿದ್ದೆ. ಏಕೆಂದರೆ ಆ ಕೆಲಸ ಎಂದು ಮುಗಿಯುತ್ತದೆಂದು ಗೊತ್ತಿತ್ತು. ಹುಡುಕಿದರೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆಂಬ ಧೈರ್ಯವಿತ್ತು. ಪಕ್ಕದಲ್ಲಿ ಅದೇ ಕೆಲಸ ಮಾಡುವ ನಾಲ್ಕು ಜನರಿದ್ದರು.

ಮೊಮ್ಮಗಳಿಗೆ ಈ ಮೂರೂ ಇಲ್ಲ. ಓದು ಮುಗಿದ ಮೇಲೆ ಕೆಲಸ ಸಿಗುವುದೋ ಇಲ್ಲವೋ ತಿಳಿಯದು. ಎಷ್ಟು ಓದಿದರೆ ಸಾಕೆಂಬುದೂ ತಿಳಿಯದು. ಗೆಳತಿಯರೇ ಪೈಪೋಟಿಗಾರರು, ಮೊಬೈಲಿನಲ್ಲಿ ಅವರ ಗೆಲುವು ಕಾಣುತ್ತದೆ, ಅಳು ಕಾಣುವುದಿಲ್ಲ. ಜೊತೆಗೆ, ಅಪ್ಪ ಮೆಣಸು ಮಾರಿ ಫೀಸು ಕಟ್ಟಿದ್ದಾನೆಂಬ ಭಾರ.

ಅಮೆರಿಕದ ಮನೋವಿಜ್ಞಾನಿಗಳಾದ ಲಾಜರಸ್ ಮತ್ತು ಫೋಕ್‌ಮನ್ 1984ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಹೊರೆಯ ತೂಕವಷ್ಟೇ ಅಲ್ಲ, ‘ಇದು ನನ್ನಿಂದಾದೀತೇ, ನನಗೆ ಯಾರಿದ್ದಾರೆ?’ ಎಂದು ಮನಸ್ಸು ಹಾಕುವ ಲೆಕ್ಕವೂ ಒತ್ತಡವನ್ನು ನಿರ್ಧರಿಸುತ್ತದೆ. ಒತ್ತಡದಲ್ಲಿ ದೇಹ ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚು ಸುರಿಸುತ್ತದೆ. ಸ್ವಲ್ಪ ಹೊತ್ತಿಗಾದರೆ ಅದು ಚುರುಕು ತರುತ್ತದೆ. ವಾರಗಟ್ಟಲೆ ಮುಂದುವರಿದರೆ ನಿದ್ದೆ, ನೆನಪು ಎರಡನ್ನೂ ಕೆಡಿಸುತ್ತದೆ.

ಹಾಗಾದರೆ ಆ ಲೆಕ್ಕದ ಜಮಾ ಕಡೆಗೆ ನಾವು ಏನಾದರೂ ಸೇರಿಸಬಹುದಲ್ಲವೇ? ಮೊಮ್ಮಗಳು ಈಗ ದಿನಕ್ಕಿಷ್ಟೇ ಪಾಠವೆಂದು ಬರೆದಿಟ್ಟು, ಕೋಣೆಯ ಗೆಳತಿಯೊಂದಿಗೆ ಕೂತು ಓದುತ್ತಾಳೆ. ಭಾನುವಾರದ ಫೋನಿನಲ್ಲಿ ನಾನು ಅಂಕದ ಮಾತೆತ್ತುವುದಿಲ್ಲ. “ಯಾರ ಜೊತೆ ಊಟ ಮಾಡಿದೆ? ನಿದ್ದೆ ಬಂತಾ?” ಎಂದು ಕೇಳುತ್ತೇನೆ. ಭಯ ಪೂರ್ತಿ ಹೋಗಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ.

ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಬದುಕೇ ಬೇಡವೆನಿಸಿದರಂತೂ ಆ ಕ್ಷಣವೇ, 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಿ. ಹಗಲು ರಾತ್ರಿ, ಕನ್ನಡದಲ್ಲೇ, ಹಣವಿಲ್ಲದೆ ಮಾತನಾಡಬಹುದು.

ಅಜ್ಜ ಅಜ್ಜಿಯರೇ, ಗ್ಯಾಸ್ ಬುಕ್ಕಿಂಗ್ ನಂಬರ್ ಬರೆದಿಟ್ಟಿರುವ ಕ್ಯಾಲೆಂಡರಿನಲ್ಲೇ ಇದನ್ನೂ ದಪ್ಪಕ್ಷರದಲ್ಲಿ ಬರೆದಿಡಿ. ಮಕ್ಕಳೇ, ಅವರ ಕೈಯಲ್ಲಿ ಇವತ್ತೇ ಬರೆಸಿ.