34 ಗುಂಟೆ ಎಲ್ಲಿ ಹೋಯಿತು?

ನಾನು ಪಾಠ ಹೇಳಿದ ಶಾಲೆಗಳು ನಾಲ್ಕು ತಾಲ್ಲೂಕುಗಳಲ್ಲಿವೆ. ಮೊದಲು ಜಗಳೂರು, ಆಮೇಲೆ ಹೊನ್ನಾಳಿ, ನ್ಯಾಮತಿ, ಈಗ ಚನ್ನಗಿರಿ. ಮಕ್ಕಳ ಮನೆಗೆ ಹೋದಾಗಲೆಲ್ಲ ಟ್ರಂಕಿನ ತಳದಿಂದ ಒಂದೇ ಬಗೆಯ ಕಾಗದ ಹೊರಗೆ ಬರುವುದನ್ನು ನಾಲ್ಕೂ ಕಡೆ ಕಂಡಿದ್ದೇನೆ. ಮಡಿಕೆಗಳಲ್ಲಿ ಹರಿದ, ಅಂಚು ಹಳದಿಯಾದ ಗ್ರಾಮ ನಕ್ಷೆ. ಅದರ ಲೆಕ್ಕಾಚಾರ ವಿಜ್ಞಾನದ ಮೇಷ್ಟ್ರಿಗೆ ಬಲು ಹಿಡಿಸುವಂಥದ್ದು. ಸರ್ವೆ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ನಕ್ಷೆಯ ಪ್ರಮಾಣ 1:7,920. ಅಂದರೆ ಕಾಗದದ ಮೇಲಿನ ಒಂದು ಅಂಗುಲ ನೆಲದ ಮೇಲೆ 660 ಅಡಿ, ಸರಿಯಾಗಿ ಒಂದು ಫರ್ಲಾಂಗು.

ಈಗ ಈ ನಕ್ಷೆಗಳು ಪಿಡಿಎಫ್ ಕಡತಗಳಾಗಿ ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಮನೆಯಲ್ಲಿ ಡಿಪ್ಲೊಮಾ ಸಿವಿಲ್ ಓದುವ ಹುಡುಗನಿದ್ದರಂತೂ ಮುಗಿಯಿತು. ಕ್ಯಾಡ್ ಕಲಿತಿದ್ದಾನಲ್ಲ, ನಮ್ಮ ತೋಟದ ನಕ್ಷೆ ಬರೆಯಲಿ, ಹನಿ ನೀರಾವರಿಗೆ ಎಷ್ಟು ಪೈಪು ಬೇಕೆಂದು ಲೆಕ್ಕ ಹಾಕಲಿ ಎಂದು ಅಪ್ಪ ಹೇಳುತ್ತಾರೆ. ಹೇಳುವುದರಲ್ಲಿ ತಪ್ಪೇನೂ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೇ ಮಾಡಿದ. ಗ್ರಾಮ ನಕ್ಷೆಯ ಪಿಡಿಎಫ್ ಅನ್ನು ಆಟೊಕ್ಯಾಡ್‌ಗೆ ತಂದು, ತಮ್ಮ ಸರ್ವೆ ನಂಬರಿನ ಗಡಿಯ ಮೇಲೆ ಗೆರೆ ಎಳೆದು, ಅಂಗುಲಕ್ಕೆ 660 ಅಡಿಯೆಂದು ಲೆಕ್ಕ ಹಿಡಿದು ವಿಸ್ತೀರ್ಣ ಕೇಳಿದ. 3 ಎಕರೆ 26 ಗುಂಟೆ ಎಂದಿತು ಕಂಪ್ಯೂಟರು. ಪಹಣಿಯಲ್ಲಿರುವುದು 4 ಎಕರೆ 20 ಗುಂಟೆ! ಮರುದಿನ ಬೆಳಿಗ್ಗೆ ಅವನ ತಂದೆ ನಮ್ಮ ಮನೆಯ ಬಾಗಿಲಲ್ಲಿದ್ದರು. “ಮೇಷ್ಟ್ರೇ, ಪಕ್ಕದವನು 34 ಗುಂಟೆ ಒತ್ತಿದ್ದಾನೆ. ಇಷ್ಟು ವರ್ಷ ನನಗೆ ಗೊತ್ತೇ ಆಗಿಲ್ಲ ನೋಡಿ. ವಕೀಲರ ಹತ್ತಿರ ಹೋಗ್ತಿದೀನಿ, ನೀವೂ ಒಂದು ಮಾತು ಹೇಳಿ.” ಪಕ್ಕದವರೆಂದರೆ ಅವರ ದಾಯಾದಿಯೇ.

“ಮಗನನ್ನು ಕರೆತನ್ನಿ, ಆ ಕಡತವನ್ನೂ ತರಲಿ” ಎಂದೆ.

ಇಲ್ಲಿ ಪಿಡಿಎಫ್ ಎಂದರೇನೆಂದು ತುಸು ಹೇಳಬೇಕು. 1993ರಲ್ಲಿ ಅಡೋಬಿ ಸಂಸ್ಥೆ ಇದನ್ನು ಹೊರತಂದದ್ದು ಒಂದೇ ಉದ್ದೇಶಕ್ಕೆ: ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು. ಪುಟ ಎಂಬ ಮಾತನ್ನು ಗಮನಿಸಿ. ಅದರೊಳಗಿನ ಅಳತೆ ಅಂಗುಲದ 72ನೆಯ ಒಂದು ಭಾಗದಲ್ಲಿರುತ್ತದೆ, ಅದು ಕಾಗದದ ಅಳತೆ. ನಿಮ್ಮ ಹೊಲದ ವಿಚಾರ ಅದಕ್ಕೆ ಗೊತ್ತಿಲ್ಲ. ಇನ್ನೊಂದು ಸಂಗತಿ, ಪಿಡಿಎಫ್ ಲಕೋಟೆ ಇದ್ದ ಹಾಗೆ. ಒಳಗೆ ನಿಜವಾದ ಗೆರೆಗಳಿರಬಹುದು, ಇಲ್ಲವೆ ಬರೀ ಫೋಟೋ ಇರಬಹುದು. ತೆರೆಯ ಮೇಲೆ ಹಿಗ್ಗಿಸುತ್ತಾ ಹೋಗಿ. ಗೆರೆ ಚೂಪಾಗಿಯೇ ಉಳಿದರೆ ಅದು ಗೆರೆ. ಚೌಕ ಚೌಕವಾಗಿ ಒಡೆದರೆ ಫೋಟೋ. ಆಟೊಕ್ಯಾಡ್‌ನ 2017ರ ಆವೃತ್ತಿಯಿಂದ ಪಿಡಿಎಫ್‌ನ ಗೆರೆಗಳನ್ನು ಕ್ಯಾಡ್ ಗೆರೆಗಳನ್ನಾಗಿಯೇ ಪಡೆಯುವ ಸೌಲಭ್ಯ ಬಂದಿದೆ. ಆದರೆ ಒಳಗಿರುವುದು ಫೋಟೋ ಆದರೆ ಬರುವುದೂ ಫೋಟೋವೇ. ಅದರ ಮೇಲೆ ನಾವೇ ಗೆರೆ ಎಳೆಯಬೇಕು.

ಹುಡುಗನ ಕಡತದಲ್ಲಿದ್ದದ್ದು ಫೋಟೋ. ವಿಚಾರಿಸಿದಾಗ ಕಥೆ ಹೊರಬಿತ್ತು. ಮೂಲ ಹಾಳೆ ಎ-3 ಕಾಗದಕ್ಕಿಂತ ತುಸು ದೊಡ್ಡದು. ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಕಾಗದಕ್ಕೆ ಹೊಂದುವಂತೆ ಕುಗ್ಗಿಸಿ ಮುದ್ರಿಸಿ, ಆ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಮೂಲ ನಕ್ಷೆಯ ಒಂದು ಅಂಗುಲ ಈಗ ಒಂದು ಅಂಗುಲವಾಗಿ ಉಳಿದಿರಲಿಲ್ಲ.

ನಾವು ಮೂವರೂ ಟೇಪು ಹಿಡಿದು ತೋಟಕ್ಕೆ ನಡೆದೆವು. ನಕ್ಷೆಯಲ್ಲೂ ನೆಲದಲ್ಲೂ ಗುರುತು ಸಿಗುವ ಎರಡು ಸರ್ವೆ ಕಲ್ಲುಗಳ ನಡುವೆ ಅಳೆದಾಗ 330 ಅಡಿ, ಅಂದರೆ ಹತ್ತು ಸರಪಳಿ ಬಂತು. ಕ್ಯಾಡ್‌ನಲ್ಲಿ ಅದೇ ದೂರ 297 ಅಡಿ ಎಂದಿತ್ತು. ಶೇಕಡಾ 90! ಉದ್ದ ಹತ್ತರಲ್ಲಿ ಒಂಬತ್ತಾದರೆ ಅಗಲವೂ ಹತ್ತರಲ್ಲಿ ಒಂಬತ್ತು. ವಿಸ್ತೀರ್ಣ ನೂರರಲ್ಲಿ 81. ಅವರ ಜಮೀನು 180 ಗುಂಟೆ. ಅದರ ಶೇಕಡಾ 81 ಎಷ್ಟೆಂದು ನೀವೇ ಗುಣಿಸಿ ನೋಡಿ. ದಾಯಾದಿ ನುಂಗಿದ 34 ಗುಂಟೆ ಜೆರಾಕ್ಸ್ ಯಂತ್ರದೊಳಗಿತ್ತು. 297 ಇದ್ದದ್ದನ್ನು 330 ಮಾಡೆಂದು ಹುಡುಗ ಕ್ಯಾಡ್‌ಗೆ ಹೇಳಿದ ಮೇಲೆ ವಿಸ್ತೀರ್ಣ 4 ಎಕರೆ 19 ಗುಂಟೆ ಚಿಲ್ಲರೆ ಬಂತು.

ಅಪ್ಪನ ಮುಖ ಸಡಿಲವಾಯಿತು, ಆದರೆ ಪೂರ್ತಿ ಅಲ್ಲ. “ಹೋಗಲಿ ಬಿಡಿ. ಬದುವಿನ ಪಕ್ಕದ ಆ ಒಂದು ಅಡಿಕೆ ಸಾಲು ನಮ್ಮದೋ ಅವರದೋ? ಅದನ್ನಾದರೂ ದೊಡ್ಡದು ಮಾಡಿ ನೋಡು” ಎಂದರು ಮಗನಿಗೆ. ಹುಡುಗ ಹಿಗ್ಗಿಸತೊಡಗಿದ. ನಾನು ತಡೆದೆ. ನಕ್ಷೆಯ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಎಂದುಕೊಳ್ಳಿ. 7,920ರಿಂದ ಗುಣಿಸಿದರೆ ನೆಲದ ಮೇಲೆ ಸುಮಾರು 4 ಮೀಟರ್. ಅಡಿಕೆ ಸಾಲಿನಿಂದ ಸಾಲಿಗೆ ಒಂಬತ್ತು ಅಡಿ, ಅಂದರೆ 2.7 ಮೀಟರ್. ಜಗಳದ ಸಾಲು ಪೂರ್ತಿಯಾಗಿ ಗೆರೆಯ ಶಾಯಿಯೊಳಗೇ ನಿಂತಿದೆ. ಕ್ಯಾಡ್ ದಶಮಾಂಶದ ನಂತರ ನಾಲ್ಕು ಅಂಕಿ ತೋರಿಸಿದರೂ, ಹಳೆಯ ಶಾಯಿಯಲ್ಲಿಲ್ಲದ ನಿಖರತೆಯನ್ನು ಅದು ಎಲ್ಲಿಂದ ತಂದೀತು? ಅಂಥ ಪ್ರಶ್ನೆಗೆ ಮೂಲ ಟಿಪ್ಪಣಿಯ ಅಳತೆಗಳನ್ನು ಹಿಡಿದು ಭೂಮಾಪಕರೇ ಬಂದು ನೆಲದ ಮೇಲೆ ಅಳೆಯಬೇಕು. ಅವರು ಹದ್ದುಬಸ್ತಿಗೆ ಅರ್ಜಿ ಹಾಕಿದರು. ಅಳತೆ ಆಗುವವರೆಗೆ ಆ ಸಾಲಿನ ಕೊನೆಗಳನ್ನು ಎರಡೂ ಮನೆಯವರು ಅರ್ಧರ್ಧ ಹಂಚಿಕೊಳ್ಳುವುದೆಂದು ಮಾತಾಯಿತು. ವಕೀಲರ ಮಾತು ನಿಂತಿತು.

ಜಗಳೂರಿನ ಒಣ ಹೊಲಗಳಲ್ಲಿ ಈ 4 ಮೀಟರಿಗೆ ಯಾರೂ ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ. ತೋಟದ ಸೀಮೆಯ ಮಾತೇ ಬೇರೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಜಮೀನಾದರೆ, ಹಳೆಯ ನಕ್ಷೆಯಲ್ಲಿರುವ ನೀರಿನ ಅಂಚನ್ನು ಅಳತೆಯ ಗುರುತಾಗಿ ಹಿಡಿಯಲೇಬೇಡಿ. ಹೊಳೆಯ ಅಂಚು ನಿಂತಲ್ಲಿ ನಿಲ್ಲುವುದಿಲ್ಲ. ಕಲ್ಲನ್ನೇ ಹುಡುಕಿ. ನ್ಯಾಮತಿ ಕಡೆಯ ಮಕ್ಕಳು ಹಳೆಯ ಹಾಳೆಯ ತಲೆಬರಹದಲ್ಲಿ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ ಎಂದಿದ್ದರೆ ಗಾಬರಿಯಾಗಬಾರದು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ನ್ಯಾಮತಿ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಇನ್ನು ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದ ಪಿಡಿಎಫ್ ಆದರೆ ಕ್ಯಾಡ್‌ಗೆ ಬಂದಾಗ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡಾವು. ಗೆರೆಗಳನ್ನು ಇಟ್ಟುಕೊಂಡು ಹೆಸರುಗಳನ್ನು ಹೊಸದಾಗಿ ಬರೆಯುವುದೇ ಸುಲಭ.

ಪೋಷಕರಿಗೆ ಒಂದು ಮಾತು. ಇದನ್ನು ಕಲಿಸಲು ಕಳ್ಳಪ್ರತಿಯ ತಂತ್ರಾಂಶ ಬೇಕಿಲ್ಲ. ಅರ್ಹ ವಿದ್ಯಾರ್ಥಿಗಳಿಗೆ ಆಟೊಕ್ಯಾಡ್ ಕಲಿಕೆಗಾಗಿ ಉಚಿತವಾಗಿ ಸಿಗುತ್ತದೆ. ಲಿಬ್ರೆಕ್ಯಾಡ್ ಎಲ್ಲರಿಗೂ ಉಚಿತ. ಅದು ಪಿಡಿಎಫ್ ಅನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಪುಟವನ್ನು ಚಿತ್ರವಾಗಿಸಿ ಕೊಟ್ಟರೆ ಅದರ ಮೇಲೆ ಗೆರೆ ಎಳೆಯಬಹುದು.

ಜಗಳೂರಿನ ಶಾಲೆಯಲ್ಲಿದ್ದಾಗ ಒಂಬತ್ತನೇ ತರಗತಿಯವರಿಗೆ 33 ಅಡಿ ತೆಂಗಿನ ಹಗ್ಗಕ್ಕೆ 16 ಕಡೆ ಬಣ್ಣದ ದಾರ ಕಟ್ಟಿಸಿ ಆಟದ ಮೈದಾನ ಅಳೆಸುತ್ತಿದ್ದೆ. ಆಗ ಕ್ಯಾಡ್ ಇರಲಿ, ಶಾಲೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಈ ವರ್ಷ ಚನ್ನಗಿರಿಯ ಮಕ್ಕಳಿಗೂ ಅಂಥದ್ದೇ ಹಗ್ಗ ಕಟ್ಟಿಸಿದ್ದೇನೆ. ಎಳೆದೆಳೆದು ಅದು ಆಗಲೇ ಎರಡು ಅಂಗುಲ ಉದ್ದವಾಗಿದೆ ಎಂದು ಒಬ್ಬ ಹುಡುಗಿ ಟೇಪು ಇಟ್ಟು ತೋರಿಸಿದಳು.