ಹಿಂದುಳಿದ ಗಡಿಯಾರ

ಮನೆಯ ಹಳೆಯ ವಸ್ತುಗಳ ಮೇಲೆ ಮುದುಕರಿಗಿರುವ ಅಭಿಮಾನವು ಕಿರಿಯರಿಗೆ ಹಾಸ್ಯಾಸ್ಪದವಾಗಿ ತೋರುವುದು ಸಹಜ. ಆಳಂದದ ನನ್ನ ಮನೆಯಲ್ಲಿ ಹದಿನೈದು ವರುಷ ಬಾಳಿದ ಗಣಕಯಂತ್ರವೊಂದುಂಟು. ಪಾಠಶಾಲೆಯಿಂದ ನಾನು ನಿವೃತ್ತನಾದೆನು. ಅದಕ್ಕೆ ಮಾತ್ರ ನಿವೃತ್ತಿಯನ್ನು ಕೊಡಲು ಮನಸ್ಸು ಬಾರದು. ಈ ಮೋಹದಿಂದ ಹುಡುಗಿಯೊಬ್ಬಳ ಒಂದು ವರುಷವೇ ಹಾಳಾಗುವುದರಲ್ಲಿದ್ದಿತೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮಳೆಗಾಲದ ಮೊದಲಲ್ಲಿ ಅಫಜಲಪುರದಿಂದ ನನ್ನ ತಂಗಿಯ ಮಗಳು ಬಂದಳು. ಕಾಲೇಜಿನ ಪ್ರವೇಶದ ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬೇಕಾಗಿದ್ದಿತು. ಸಂವಿಧಾನದ 371ಜೆ ವಿಧಿಯಂತೆ ನಮ್ಮ ಪ್ರಾಂತದ ಮಕ್ಕಳಿಗೆ ದೊರೆಯುವ ಮೀಸಲಾತಿಯ ಅರ್ಹತಾಪತ್ರವನ್ನೂ ಅದಕ್ಕೆ ಲಗತ್ತಿಸಬೇಕು. ಹಿಂದಿನ ಸಲ ಬಂದಾಗ ತೆಗೆದಿರಿಸಿದ ಕಾಗದಗಳ ಪ್ರತಿಗಳೆಲ್ಲ ನನ್ನ ಯಂತ್ರದಲ್ಲಿಯೇ ಇದ್ದುವು. “ಮಾಮಾ, ಇವತ್ತ ಸಂಜೀ ಆರಕ್ಕ ಮುಗೀತದ” ಎಂದಳು. “ಚಿಂತಿ ಮಾಡಬ್ಯಾಡವ್ವಾ” ಎಂದು ಗರ್ವದಿಂದಲೇ ಗುಂಡಿಯನ್ನೊತ್ತಿದೆನು.

ಯಂತ್ರವೇನೋ ಎದ್ದಿತು, ಆದರೆ ಯಾವ ತಾಣವನ್ನು ಕರೆದರೂ ಸಂಪರ್ಕವು ಸುರಕ್ಷಿತವಲ್ಲವೆಂಬ ಒಂದೇ ಉತ್ತರ. ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆನು, ರೂಟರನ್ನು ಆರಿಸಿ ಹಚ್ಚಿದೆನು, ಮಳೆಯನ್ನು ಬೈದೆನು. ಅದೇ ಮನೆಯ ಸಂಪರ್ಕದಿಂದ ಹುಡುಗಿಯ ಮೊಬೈಲು ಸರಾಗವಾಗಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡರೂ, ದೋಷವು ನನ್ನ ಯಂತ್ರದಲ್ಲಿಯೇ ಇದೆಯೆಂದು ಒಪ್ಪಲು ಮನಸ್ಸು ಒಡಂಬಡಲಿಲ್ಲ. “ಪ್ಯಾಟ್ಯಾಗಿನ ಅಂಗಡಿಗಿ ಹೋಗೂಣೇನು ಮಾಮಾ?” ಎಂದವಳನ್ನು ಗದರಿಸಿದೆನು. ಮೂರು ತಾಸು ಕಳೆದುವು. ಅವಳು ಮತ್ತೆ ಮಾತನಾಡಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಳು. ಆ ಮೌನಕ್ಕೆ ನಾನು ಸೋತೆನು.

ಪೇಟೆಯಲ್ಲಿ ರಿಪೇರಿಯ ಕೆಲಸ ಮಾಡುವ ಜೇವರ್ಗಿಯ ಕಡೆಯ ಹುಡುಗನನ್ನು ಕರೆಸಿದೆನು. ಅವನು ತಂತಿಯ ಗೊಡವೆಗೇ ಹೋಗದೆ, ತೆರೆಯ ಬಲಮೂಲೆಯತ್ತ ಬೆರಳು ತೋರಿ, “ಗುರುಗಳ, ತಾರೀಕು ನೋಡೀರೇನ್ರಿ?” ಎಂದನು. ಅಲ್ಲಿ 2009ರ ಜನವರಿ 1!

ಸಂಗತಿ ಇಷ್ಟೆ. ಯಂತ್ರದೊಳಗೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯೊಂದುಂಟು. ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಎಂದೋ ಸತ್ತಿದ್ದಿತು. ಪ್ಲಗ್ಗು ಗೋಡೆಯಲ್ಲಿರುವವರೆಗೆ ಅದರ ಸಾವು ತಿಳಿಯಲಿಲ್ಲ. ಸಿಡಿಲಿಗೆ ಅಂಜಿ ನಾನು ಪ್ಲಗ್ಗನ್ನು ಕಿತ್ತ ರಾತ್ರಿ ಗಡಿಯಾರವು ತನ್ನ ಆರಂಭದ ದಿನಕ್ಕೆ ಮರಳಿತು. ಅಂತರ್ಜಾಲದ ತಾಣಗಳು ತಮ್ಮ ಗುರುತಿಗಾಗಿ ಪ್ರಮಾಣಪತ್ರವನ್ನು ತೋರಿಸುವುವು. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆಂಬ ಅವಧಿಯುಂಟು. 2009ರಲ್ಲಿ ನಿಂತ ಯಂತ್ರಕ್ಕೆ ಇಂದಿನ ಪತ್ರಗಳೆಲ್ಲ ಇನ್ನೂ ಹುಟ್ಟದವು; ಆದುದರಿಂದ ನಂಬತಕ್ಕವಲ್ಲ. ಅದರ ಲೆಕ್ಕದಲ್ಲಿ ನಮ್ಮ ಜಿಲ್ಲೆಯು ಇನ್ನೂ ಗುಲ್ಬರ್ಗಾ. 2014ರ ನವೆಂಬರ್ 1ರಂದು ಕಲಬುರಗಿಯಾದುದನ್ನು ಅದು ಅರಿಯದು. 2013ರಲ್ಲಿ ಜಾರಿಗೆ ಬಂದ 371ಜೆ ವಿಧಿಯನ್ನೂ ಅರಿಯದು. ಹುಡುಗಿಯ ಹಕ್ಕೇ ಹುಟ್ಟದ ಕಾಲದಲ್ಲಿ ಅದು ನಿಂತಿದ್ದಿತು!

ಹುಡುಗನು ಹೊಸ ಬ್ಯಾಟರಿಯನ್ನಿರಿಸಿ ದಿನವನ್ನೂ ವೇಳೆಯನ್ನೂ ತಿದ್ದಿದನು. ತಾಣವು ತೆರೆಯಿತು. ಗಡುವಿಗೆ ಅರ್ಧ ತಾಸು ಉಳಿದಿರುವಾಗ ಅರ್ಜಿಯು ಸಂದಿತು. ಹೊರಡುವ ಮುನ್ನ ಅವನು, “ಈ ವಿಂಡೋಸ್ 7ಕ್ಕ 2020ರ ಜನವರಿಯಿಂದ ಕಾವಲು ಇಲ್ರಿ, ಬ್ಯಾಂಕಿನ ವ್ಯವಹಾರ ಇದರಾಗ ಮಾಡಬ್ಯಾಡ್ರಿ” ಎಂದು ಎಚ್ಚರಿಸಿದನು.

ನಮ್ಮ ಸೀಮೆಯನ್ನು ಹಿಂದುಳಿದುದೆಂದು ಕರೆಯುವವರೊಡನೆ ನಾನು ಎಷ್ಟೋ ಸಲ ವಾದಿಸಿದ್ದೇನೆ. ಆ ದಿನ ಮುಂದಕ್ಕೆ ಹೊರಟವಳು ಅಫಜಲಪುರದವಳು, ದಾರಿಯನ್ನು ತೆರೆದವನು ಜೇವರ್ಗಿಯವನು. ಹಿಂದುಳಿದು ಬಾಗಿಲಿಗೆ ಅಡ್ಡವಾಗಿ ನಿಂತವನು ಆಳಂದದ ನಾನೊಬ್ಬನೆ. ಯಂತ್ರವನ್ನು ಇನ್ನೂ ಬಿಟ್ಟಿಲ್ಲ. ಆದರೆ ಈಗ ಅದನ್ನು ಎಬ್ಬಿಸಿದೊಡನೆ ಮೊದಲು ತಾರೀಕನ್ನು ನೋಡುತ್ತೇನೆ.