ಕಾವಲುಗಾರನ ಊಟದ ಖರ್ಚು

ಹಿಂದೆಲ್ಲ ಬೀದಿಗೊಬ್ಬ ಗೂರ್ಖಾ ಇರುತ್ತಿದ್ದ. ರಾತ್ರಿಯೆಲ್ಲ ಸೀಟಿ ಊದಿಕೊಂಡು, ಕೋಲು ಕುಟ್ಟಿಕೊಂಡು ತಿರುಗುತ್ತಿದ್ದ. ತಿಂಗಳಿಗೊಮ್ಮೆ ಬಂದು ಸಲಾಮು ಹೊಡೆದು, ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದ. ಅವನೆಂದೂ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದವನಲ್ಲ. "ಅಮ್ಮಾ, ನಿಮ್ಮ ಮನೆಗೆ ಮೂರು ಅಪಾಯ ಕಾದಿದೆ" ಎಂದು ಗಂಟೆಗೊಮ್ಮೆ ಬಾಗಿಲು ಬಡಿದವನೂ ಅಲ್ಲ. ಈಗ ಕಂಪ್ಯೂಟರಿನೊಳಗೆ ಕೂತಿರುವ ಕಾವಲುಗಾರನಿದ್ದಾನಲ್ಲ, ಅವನು ಇಷ್ಟನ್ನೂ ಮಾಡುತ್ತಾನೆ. ಅವನ ಹೆಸರು ಆಂಟಿವೈರಸ್.

ನಮ್ಮ ಮನೆಯ ಲ್ಯಾಪ್‌ಟಾಪ್ 2020ರಲ್ಲಿ ಬಂದದ್ದು. ಶಾಲೆಗಳು ಮುಚ್ಚಿ, ಪಾಠವೆಲ್ಲ ಆನ್‌ಲೈನ್ ಆದಾಗ ಮಗಳಿಗೆಂದು ಕೊಂಡೆವು. ಈಗ ಅದರಲ್ಲಿ ಅವಳ ಓದು ಇದೆ, ಮನೆಯ ಕಾಗದಪತ್ರಗಳಿವೆ, ನಮ್ಮ ಬೀದಿಯ ಹೆಂಗಸರ ಸ್ವಸಹಾಯ ಸಂಘದ ಲೆಕ್ಕವೂ ಇದೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಎಕ್ಸೆಲ್ಲಿನಲ್ಲಿ ಕೂಡಿ ಕಳೆಯುವುದನ್ನು ಕಲಿಸಿದವಳು ಮಗಳೇ. ಹಾಗಾಗಿ ಆ ಯಂತ್ರ ಮಂಕಾದರೆ ಮನೆಯಲ್ಲಿ ಎಲ್ಲರ ಕೈ ಕಟ್ಟಿಹಾಕಿದ ಹಾಗೆ.

ಮಂಕಾಗುವುದೆಂದರೆ ಹೇಗೆ ಅಂತೀರಿ? ಬೆಳಿಗ್ಗೆ ಗುಂಡಿ ಒತ್ತಿ, ಇಡ್ಲಿ ಹಿಟ್ಟು ಹುಯ್ದು, ಇಡ್ಲಿ ಬೆಂದು ತಟ್ಟೆಗೆ ಬಂದರೂ ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ರಾತ್ರಿ ಮಗಳು ಹನ್ನೆರಡು ಗಂಟೆಯೊಳಗೆ ಪ್ರಾಜೆಕ್ಟ್ ಕಳಿಸಬೇಕಿತ್ತು. ಹನ್ನೊಂದೂ ಮುಕ್ಕಾಲಿಗೆ ಪರದೆ ಹೆಪ್ಪುಗಟ್ಟಿತು. ಅದರ ಮೇಲೊಂದು ಕೆಂಪು ಚೌಕ: "ನೀವು ಅಪಾಯದಲ್ಲಿದ್ದೀರಿ. ಈಗಲೇ ನವೀಕರಿಸಿ." ಮಗಳು ಅಳುತ್ತಾ, "ಅಮ್ಮಾ, ಅಪಾಯ ಇದರಿಂದಲೇ ಕಣಮ್ಮಾ" ಎಂದಳು.

ಅಂಗಡಿಯವನು ಯಂತ್ರವನ್ನು ಒಮ್ಮೆ ತಿರುಗಿಸಿ ನೋಡಿ, "ಹಳೇದಾಯ್ತು ಮೇಡಂ, ಹೊಸದು ತಗೊಂಬಿಡಿ, ನಲವತ್ತು ಸಾವಿರಕ್ಕೆ ಒಳ್ಳೇದು ಬರುತ್ತೆ" ಎಂದ. ನಮ್ಮಲ್ಲಿ ನಲವತ್ತು ಸಾವಿರ ಇಲ್ಲದೇ ಇರಲಿಲ್ಲ. ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು ಬ್ಯಾಂಕಿನಲ್ಲಿತ್ತು. ಆದರೆ ಅದು ಮಗಳ ಹಾಸ್ಟೆಲ್ ಫೀಸಿಗೆ ಎತ್ತಿಟ್ಟದ್ದು. ನಮ್ಮವರು, "ಕಂಪ್ಯೂಟರ್ ಇಲ್ಲದೆ ಓದೋದು ಹೇಗೆ? ಹಾಸ್ಟೆಲಿಗೆ ಎಲ್ಲಾದರೂ ಕೈಸಾಲ ಮಾಡೋಣ ಬಿಡು" ಎಂದರು. ನಾನು, "ರೀ, ಯುಗಾದಿಗೆ ಅಣ್ಣನ ಮಗ ಬರ್ತಾನೆ, ಅಲ್ಲಿವರೆಗೆ ತಡೀರಿ" ಎಂದೆ.

ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಒಬ್ಬಟ್ಟು ತಿಂದು ಕೈ ತೊಳೆದವನೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದ. ಒಂದು ಪಟ್ಟಿ ತೆರೆಯಿತು. ಅದಕ್ಕೆ ಟಾಸ್ಕ್ ಮ್ಯಾನೇಜರ್ ಎನ್ನುತ್ತಾರೆ. ಒಳಗೆ ಯಾರು ಯಾರು ಎಷ್ಟೆಷ್ಟು ತಿನ್ನುತ್ತಿದ್ದಾರೆ ಎಂಬ ಪಂಕ್ತಿಯ ಲೆಕ್ಕ ಅದು. ಡಿಸ್ಕ್ ಎನ್ನುವ ಕಡೆ ನೂರಕ್ಕೆ ನೂರು ಎಂದಿತ್ತು.

"ನೋಡತ್ತೆ, ಒಂದಲ್ಲ, ಎರಡು ಆಂಟಿವೈರಸ್ ಇದೆ. ಒಂದು ಕೊಳ್ಳುವಾಗಲೇ ಇದ್ದದ್ದು, ಇನ್ನೊಂದು ರಿಪೇರಿಯವನು ಹಾಕಿದ್ದು" ಎಂದ.

"ಇಬ್ಬರು ಇದ್ದರೆ ಕಾವಲು ಇನ್ನೂ ಭದ್ರ ಅಲ್ಲವೇನೋ?"

"ನಿಮ್ಮ ಅಡುಗೆಮನೆಗೆ ಇಬ್ಬರು ಯಜಮಾನಿತಿಯರು ಬಂದರೆ ಹೇಗತ್ತೆ?"

ಅವನು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ನಾವು ಒಂದು ಫೈಲ್ ತೆರೆದರೆ ಆಂಟಿವೈರಸ್ ಅದನ್ನು ಮೊದಲು ತಾನು ಓದಿ, ತನ್ನಲ್ಲಿರುವ ಕಳ್ಳರ ಪಟ್ಟಿಯೊಂದಿಗೆ ಹೋಲಿಸಿ, ಆಮೇಲೆ ನಮಗೆ ಬಿಡುತ್ತದೆ. ಇಬ್ಬರಿದ್ದರೆ ಎರಡು ಸಲ ತಪಾಸಣೆ. ನಮ್ಮದು ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್. ಗ್ರಾಮಾಫೋನಿನ ಹಾಗೆ ತಟ್ಟೆ ತಿರುಗಬೇಕು, ಮುಳ್ಳು ಅತ್ತಿತ್ತ ಓಡಾಡಬೇಕು. ಇಬ್ಬರೂ ಒಟ್ಟಿಗೆ ಎಳೆದಾಡಿದರೆ ಆ ಮುಳ್ಳಿಗೆ ಬಿಡುವೆಲ್ಲಿ? ಸಾಲದ್ದಕ್ಕೆ ಕಾವಲಿಗೆ ಬಂದವರು ಸಂಸಾರವನ್ನೂ ಕರೆತಂದಿದ್ದರು. ಕಸ ಗುಡಿಸುವವನೊಬ್ಬ, ಪಾಸ್‌ವರ್ಡ್ ಕಾಯುವವನೊಬ್ಬ, ವಿಪಿಎನ್ ಒಂದು, ಬೇರೆಯದೇ ಬ್ರೌಸರ್ ಒಂದು, ಅಂಗಡಿಯ ರಿಯಾಯಿತಿ ತಿಳಿಸುವವನೊಬ್ಬ. ನಾವು ಯಾರನ್ನೂ ಕರೆದಿರಲಿಲ್ಲ. 4 ಜಿಬಿ ಮೆಮೊರಿಯ ಪುಟ್ಟ ಮನೆ, ನೆಂಟರು ಊರು ತುಂಬ!

ಕೊಳ್ಳುವಾಗಲೇ ಇದು ಯಾಕಿರುತ್ತದೆ ಎಂದು ಕೇಳಿದೆ. ಆಂಟಿವೈರಸ್ ಕಂಪನಿಗಳು ಲ್ಯಾಪ್‌ಟಾಪ್ ಮಾಡುವವರಿಗೆ ದುಡ್ಡು ಕೊಟ್ಟು ತಮ್ಮ ಸರಕನ್ನು ಒಳಗೆ ಕೂರಿಸುತ್ತವಂತೆ. ಮೊದಲ ಕೆಲವು ದಿನ ಪುಕ್ಕಟೆ. ಅವಧಿ ಮುಗಿದ ಮೇಲೆ ಕೆಂಪು ಚೌಕದ ಕಾಟ. ಹೆದರಿಕೆಯೇ ಬಂಡವಾಳ ಎಂದರೆ ಇದೇ ನೋಡಿ.

ವೈರಸ್ಸೇ ಸುಳ್ಳು ಎಂದು ಯಾರೂ ತಿಳಿಯಬಾರದು. 1986ರಲ್ಲೇ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬ ವೈರಸ್ ಫ್ಲಾಪಿಗಳ ಮೂಲಕ ಹರಡಿತ್ತು. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ಪ್ರೇಮಪತ್ರದ ವೇಷದ ಇಮೇಲ್ ಜಗತ್ತನ್ನೇ ಕಾಡಿತು. 2017ರ ಮೇನಲ್ಲಿ 'ವಾನ್ನಾಕ್ರೈ' ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಕಾವಲು ಬೇಕೇ ಬೇಕು. ಆದರೆ 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನಲ್ಲೇ ಡಿಫೆಂಡರ್ ಎಂಬ ಕಾವಲು ಇದೆ. ಅದಕ್ಕೆ ಬೇರೆ ದುಡ್ಡಿಲ್ಲ. ಹೊರಗಿನ ಆಂಟಿವೈರಸ್ ಬಂದಾಗ ಅದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಅದು ಹೋದಾಗ ಮತ್ತೆ ಎದ್ದು ನಿಲ್ಲುತ್ತದೆ. ಅದೇನು ಏಕಾದಶಿ ಉಪವಾಸ ಮಾಡುವುದಿಲ್ಲ, ತನ್ನ ಪಾಲು ತಿನ್ನುತ್ತದೆ. ಆದರೆ ಮನೆಮಂದಿಯನ್ನು ಉಪವಾಸ ಕೆಡವುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳು ದೊಡ್ಡ ಕಂಪನಿಗಳಲ್ಲೂ ಇವೆ. 2010ರ ಏಪ್ರಿಲ್‌ನಲ್ಲಿ ಮೆಕಫಿ ಕಂಪನಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ಹಿಡಿದು ಎಷ್ಟೋ ಕಂಪ್ಯೂಟರುಗಳನ್ನು ಮಲಗಿಸಿತು. 2021ರಲ್ಲಿ ನಾರ್ಟನ್ ತನ್ನ ಆಂಟಿವೈರಸ್ಸಿಗೆ ಕ್ರಿಪ್ಟೋ ಹಣ ಗಣಿಗಾರಿಕೆಯ ಸೌಲಭ್ಯ ಸೇರಿಸಿತು. ಬಳಸುವವರು ಒಪ್ಪಿದರೆ ಮಾತ್ರ ನಡೆಯುವಂಥದು ನಿಜ, ಆದರೆ ಗಳಿಕೆಯಲ್ಲಿ ಶೇಕಡಾ 15 ಕಂಪನಿಗೆ! ಇನ್ನು ಅವಾಸ್ಟ್ ಕಂಪನಿ, ಜನ ಯಾವ ಯಾವ ವೆಬ್‌ಸೈಟ್ ನೋಡಿದರು ಎಂಬ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ, 1 ಕೋಟಿ 65 ಲಕ್ಷ ಡಾಲರ್ ಕೊಡಬೇಕೆಂದು ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಹೇಳಿತು. ಮನೆ ಕಾಯಲು ಬಂದವನು ಮನೆಯ ಗುಟ್ಟು ಮಾರಿದರೆ ಏನೆನ್ನಬೇಕು?

ನಾವು ಮಾಡಿದ್ದು ಇಷ್ಟು. ಮೊದಲು ಸಂಘದ ಲೆಕ್ಕವನ್ನೂ ಮಗಳ ಓದಿನ ಫೈಲುಗಳನ್ನೂ ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆವು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿದೆವು. ಅವು ಸುಮ್ಮನೆ ಹೋಗಲಿಲ್ಲ. "ನಿಜವಾಗಿಯೂ ಹೋಗಲೇ?", "ಅರ್ಧ ಬೆಲೆಗೆ ಇರುತ್ತೇನೆ" ಎಂದು ಗೋಗರೆದವು. ಒಂದು ಹೋದಮೇಲೂ ಚೂರುಪಾರು ಉಳಿದಿತ್ತು. ಅದನ್ನು ಆ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುವ ತೆಗೆಯುವ ಸಾಧನದಿಂದ ತೊಳೆದೆವು. ಕಂಪ್ಯೂಟರ್ ಆರಿಸಿ ಹಚ್ಚಿ, ವಿಂಡೋಸ್ ಸೆಕ್ಯುರಿಟಿ ತೆರೆದು, ಡಿಫೆಂಡರ್ ಕೆಲಸದಲ್ಲಿದೆ ಎಂದು ಖಾತ್ರಿ ಮಾಡಿಕೊಂಡೆವು. ಈಗ ಯಂತ್ರ ಕುದುರೆಯಂತೇನೂ ಓಡುವುದಿಲ್ಲ, ಆದರೆ ಇಡ್ಲಿ ಬೇಯುವಷ್ಟು ಕಾಯಿಸುವುದೂ ಇಲ್ಲ. ಕೈಯಲ್ಲಿ ಕಾಸಾದಾಗ ಆ ತಿರುಗುವ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಚುರುಕಾಗುತ್ತದಂತೆ. ಅದರ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಕಾರ್ಡಿನಿಂದ ವರ್ಷವರ್ಷ ತಾನಾಗಿ ದುಡ್ಡು ಕತ್ತರಿಸುವ ವ್ಯವಸ್ಥೆಯನ್ನೂ ನೋಡಿಕೊಳ್ಳಿ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಹೀಗೆ ಕತ್ತರಿಸುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಬೇಡ ಎನ್ನುವ ಅವಕಾಶವೂ ಇರಬೇಕು. ನಮ್ಮವರಿಗೂ ಬಂತು, ಬೇಡ ಎಂದೆವು. ಸುಳ್ಳು ಅವಸರ ತೋರಿಸಿ ಮಾರುವುದನ್ನು ಕೇಂದ್ರದ ಗ್ರಾಹಕ ಪ್ರಾಧಿಕಾರ 2023ರಲ್ಲಿ ನಿಷೇಧಿಸಿದೆ. ದೂರು ಹೇಳಲು ಗ್ರಾಹಕ ಸಹಾಯವಾಣಿ 1915. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಎಂದು ಫೋನು ಮಾಡಿ ಯಾರಾದರೂ ದುಡ್ಡು ಕಿತ್ತರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸೋದರಿಯರೇ, ಮನೆಗೆ ಬರುವ ಹಾಲು ತರಕಾರಿಯ ಲೆಕ್ಕ ಬಲ್ಲ ನಮಗೆ ಈ ಪಂಕ್ತಿಯ ಲೆಕ್ಕವೇನೂ ದೊಡ್ಡದಲ್ಲ. ಹೊಸದು ಕೊಳ್ಳಿ ಎಂದು ಅಂಗಡಿಯವನು ಹೇಳುವ ಮೊದಲು ಆ ಮೂರು ಕೀಲಿ ಒತ್ತಿ, ಯಾರು ತಿನ್ನುತ್ತಿದ್ದಾರೆ ನೋಡಿ. ನಮ್ಮ ಚೀಟಿಯ ದುಡ್ಡು ಹಾಸ್ಟೆಲಿಗೇ ಹೋಯಿತು, ರಸೀದಿ ದೇವರ ಮನೆಯಲ್ಲಿದೆ. ಸಂಘದ ಮುಂದಿನ ಸಭೆಗೆ ಇಬ್ಬರು ತಮ್ಮ ಮಂಕಾದ ಲ್ಯಾಪ್‌ಟಾಪ್ ತರುತ್ತಾರಂತೆ. ಕಾಫಿ ನನ್ನದು, ಚಕ್ಕುಲಿ ಅವರದು.